ಮುಪ್ಪಿನ ಕವಾಯತು

ನನ್ನ ಹೆಂಡತಿಯನ್ನು ನಾನು ಮೊದಲು ನೋಡಿದ್ದು ಒಂದು ಟೈಲರ್ ಅಂಗಡಿಯಲ್ಲಿ. ಅಂಗಡಿ ಅವಳ ತಂದೆಯದು. ಬೀದಿಯಿಂದ ಎರಡು ಮೆಟ್ಟಿಲು ಕೆಳಗಿಳಿದರೆ ಉದ್ದನೆಯ ಕೋಣೆ. ಬಾಗಿಲ ಬೆಳಕಿಗೆ ಒಂದು ಹೊಲಿಗೆ ಯಂತ್ರ, ಹಿಂದುಗಡೆ ಬಲ್ಬಿನ ಕೆಳಗೆ ಇನ್ನೊಂದು, ನಡುವೆ ಬಟ್ಟೆ ಕತ್ತರಿಸುವ ಮೇಜು. ಮೇಜಿನ ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಇಟ್ಟೂ ಇಟ್ಟೂ ಕಂದುಬಣ್ಣದ ಒಂದು ಗುರುತು ಮೂಡಿತ್ತು. ನಾನು ಆಗಷ್ಟೇ ಡಿಗ್ರಿ ಮುಗಿಸಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಎಂಬ ವಸ್ತುವನ್ನು ಕಣ್ಣಾರೆ ಕಂಡ ಮೊದಲನೆಯವನು ನಾನೇ ಆದ್ದರಿಂದ, ಹಳ್ಳಿಯಿಂದ ಹೊರಟಾಗಿನಿಂದ ಒಂದು ರೀತಿ ಎಚ್ಚರಿಕೆಯಲ್ಲೇ ನಡೆಯುತ್ತಿದ್ದೆ. ಎಡವಿದರೆ ಇಡೀ ಮನೆತನವೇ ಎಡವಿದ ಹಾಗೆ. ಕಾಗದದ ಕಾರ್ಖಾನೆಯಲ್ಲಿ ಸಂದರ್ಶನವಿತ್ತು. ಅದಕ್ಕೆ ಒಂದು ಪ್ಯಾಂಟು ಬೇಕಾಗಿತ್ತು. ತಂದೆ ಟೇಪು ಹಿಡಿದು ಅಳತೆ ಕೂಗುತ್ತಿದ್ದರು, ಮಗಳು ಮೇಜಿಗೆ ಒರಗಿಕೊಂಡು ಒಂದು ರಟ್ಟಿನ ಮೇಲೆ ಬರೆದುಕೊಳ್ಳುತ್ತಿದ್ದಳು.

ಅಳತೆ ಮುಗಿದ ಮೇಲೆ ನಾನು ಬಹಳ ಗಂಭೀರವಾಗಿ, ಸೊಂಟದ ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಡಬೇಕೆಂದು ಕೇಳಿಕೊಂಡೆ. ಯಾಕೆ ಎಂದರು. ಮುಂದೆ ನಲವತ್ತು ದಾಟಿದ ಮೇಲೆ ಹೊಟ್ಟೆ ಬರಬಹುದು, ಆಗ ಬಿಚ್ಚಿಸಿ ಹಿಗ್ಗಿಸಿಕೊಳ್ಳಬಹುದು ಎಂದೆ. ಆ ಕಾಲಕ್ಕೆ ನನ್ನ ಪಕ್ಕೆಲುಬುಗಳನ್ನು ಅಂಗಿಯ ಮೇಲಿಂದಲೇ ಎಣಿಸಬಹುದಾಗಿತ್ತು.

ಹುಡುಗಿ ತಲೆಯೆತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, "ಮೊಣಕಾಲ ಹತ್ರಾನೂ ಒಂದಿಷ್ಟು ಬಿಡೋಣ್ವಾ? ಮುಂದೆ ಊದಿಕೊಂಡ್ರೆ?" ಎಂದಳು.

ಇದು ತಮಾಷೆ ಎಂದು ನನಗೆ ತಿಳಿಯಲಿಲ್ಲ. ಬಿಡಿ, ಒಳ್ಳೆಯದೇ ಎಂದೆ. (ಬಿಟ್ಟರು. ಆ ಪ್ಯಾಂಟಿನಲ್ಲಿ ಕೂತರೆ ಎರಡು ಕಾಲಿನಲ್ಲೂ ಬದನೆಕಾಯಿ ಬಚ್ಚಿಟ್ಟುಕೊಂಡ ಹಾಗೆ ಕಾಣುತ್ತಿತ್ತು. ಆದರೂ ಕೆಲಸ ಸಿಕ್ಕಿತು.) ಒಂದೆರಡು ವರ್ಷದಲ್ಲಿ ಆ ಹುಡುಗಿಯೂ ಸಿಕ್ಕಳು. ಅಂದಿನಿಂದ ಇಂದಿನವರೆಗೆ ಅವಳು ಹೇಳುವುದರಲ್ಲಿ ಯಾವುದು ತಮಾಷೆ, ಯಾವುದು ನಿಜ ಎಂದು ತಿಳಿಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹಾಗೆ ಹೊತ್ತು ಹಿಡಿದ ಒಂದು ಪ್ರಸಂಗವನ್ನೇ ಈಗ ಹೇಳಹೊರಟಿರುವುದು. ಹೇಳಲು ನಾಚಿಕೆಯಾಗುತ್ತದೆ. ಆದರೆ ನಾನು ಹೇಳದಿದ್ದರೆ ಅವಳು ಹೇಳುತ್ತಾಳೆ. ಅವಳು ದಿನಾ ಹೋಗುವ ಈಜುಕೊಳದಲ್ಲಿ ಈಗಾಗಲೇ ಹೇಳಿಯಾಗಿದೆ.

ಕಾರ್ಖಾನೆಯಲ್ಲಿ ನಾನು ಸುರಕ್ಷತಾ ಅಧಿಕಾರಿಯಾಗಿದ್ದೆ. ಬೆಂಕಿ ಕವಾಯತು ನಡೆಸುವುದು ನನ್ನ ಮುಖ್ಯ ಕೆಲಸ. ಗಂಟೆ ಬಾರಿಸಬೇಕು, ಎಲ್ಲರೂ ಸಾಲಾಗಿ ಹೊರಗೆ ಬರಬೇಕು, ನಾನು ಅಂಗಳದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತು, ನೀವೆಲ್ಲ ಇಷ್ಟೊತ್ತಿಗೆ ಸುಟ್ಟು ಬೂದಿಯಾಗಿದ್ದೀರಿ, ಒಳಗೆ ಹೋಗಿ ಇನ್ನೊಮ್ಮೆ ಬನ್ನಿ ಎನ್ನಬೇಕು. ನಾನಿದ್ದಷ್ಟು ವರ್ಷ ಅಲ್ಲಿ ನಿಜವಾದ ಬೆಂಕಿ ಒಮ್ಮೆಯೂ ಬೀಳಲಿಲ್ಲ. ಇದು ನನ್ನ ಕವಾಯತಿನ ಪ್ರತಾಪ ಎಂದು ನಾನು ನಂಬಿದ್ದೆ. ಅಲ್ಲಿನ ಸರಕೆಲ್ಲ ಸದಾ ಒದ್ದೆಯಾಗಿರುತ್ತದೆ, ಹಚ್ಚಿದರೂ ಹತ್ತುವುದಿಲ್ಲ ಎಂದು ಕೆಲಸಗಾರರು ನಂಬಿದ್ದರು. ನಿವೃತ್ತಿಯ ದಿನ ಆ ಸ್ಟಾಪ್‌ವಾಚನ್ನೇ ನನಗೆ ಕಾಣಿಕೆಯಾಗಿ ಕೊಟ್ಟರು. ಕೊಡುವಾಗ ಎಲ್ಲರ ಮುಖದಲ್ಲೂ ಒಂದು ಬಿಡುಗಡೆಯ ಭಾವವಿತ್ತು.

ಮನೆಗೆ ಬಂದು ಕೂತ ಮೇಲೆ ನನಗೊಂದು ಯೋಚನೆ ಹೊಳೆಯಿತು. ಬೆಂಕಿ ಬಿದ್ದರೂ ಬೀಳಬಹುದು, ಬೀಳದೆಯೂ ಇರಬಹುದು. ಮುಪ್ಪು ಹಾಗಲ್ಲ, ಅದು ಬಂದೇ ಬರುತ್ತದೆ. ಖಾತ್ರಿಯಿಲ್ಲದ ಬೆಂಕಿಗೆ ಜೀವಮಾನವಿಡೀ ಕವಾಯತು ಮಾಡಿಸಿದವನು, ಖಾತ್ರಿಯಾಗಿ ಬರುವ ಮುಪ್ಪಿಗೆ ಒಂದೂ ಮಾಡದೆ ಕೈಕಟ್ಟಿ ಕೂತರೆ ಹೇಗೆ? ಅದೇ ವಾರ ಒಂದು ಪತ್ರಿಕೆಯಲ್ಲಿ ಲೇಖನವೂ ಬಂದಿತ್ತು. ಚೆನ್ನಾಗಿ ವಯಸ್ಸಾಗುವುದರಲ್ಲಿ ದೇಹಕ್ಕಿಂತ ಮನೋಭಾವ ಮುಖ್ಯ, ಬಂದದ್ದನ್ನು ಎದುರಿಸುವ ರೀತಿ ಮುಖ್ಯ ಎಂದು ಅದರಲ್ಲಿತ್ತು. ನಾನು ಒಪ್ಪಿಕೊಂಡೆ. ನನ್ನ ಮನೋಭಾವವೇನೋ ಸುರಕ್ಷತಾ ವಿಭಾಗದ್ದು.

ಇದರ ಹಿಂದೆ ಒಂದು ಭಯವೂ ಇತ್ತು. ಅದನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಮ್ಮಪ್ಪ ಒಂದು ಬೆಳಿಗ್ಗೆ ಹೊಲಕ್ಕೆ ಹೊರಟವರು ಜಗಲಿಯ ಮೇಲೆ ಕೂತರು. ಸ್ವಲ್ಪ ಸುಧಾರಿಸಿಕೊಂಡು ಏಳುತ್ತೇನೆ ಅಂದರಂತೆ. ಆಮೇಲೆ ಹೊಲದ ಕಡೆ ಹೋಗಲೇ ಇಲ್ಲ. ಉಳಿದ ವರ್ಷಗಳನ್ನೆಲ್ಲ ಅದೇ ಜಗಲಿಯ ಮೇಲೆ, ಹೀಗಾಗುತ್ತದೆಂದು ನನಗೆ ಯಾರೂ ಹೇಳಲಿಲ್ಲವಲ್ಲ ಎಂಬ ಮುಖ ಹೊತ್ತು ಕಳೆದರು. ಆ ಮುಖ ನನಗೆ ಬರಬಾರದು ಎಂದಿತ್ತು.

ಹೀಗೆ ನಮ್ಮ ಮನೆಯಲ್ಲಿ ವಾರ್ಧಕ್ಯ ಪೂರ್ವಸಿದ್ಧತಾ ಅಭಿಯಾನ ಆರಂಭವಾಯಿತು. ಸೋಮವಾರ ಕುರುಡಿನ ಕವಾಯತು: ಕಣ್ಣಿಗೆ ಟವೆಲು ಕಟ್ಟಿಕೊಂಡು ಹಲ್ಲುಜ್ಜಿ, ಮುಖ ಕ್ಷೌರ ಮಾಡಿ, ಬಟ್ಟೆ ಹಾಕಿಕೊಳ್ಳುವುದು. (ಮೊದಲ ಸೋಮವಾರವೇ ಮೀಸೆಯ ಎಡಭಾಗ ಹೋಯಿತು. ಸಮಾನತೆಯ ದೃಷ್ಟಿಯಿಂದ ಬಲಭಾಗವನ್ನೂ ತೆಗೆದೆ.) ಮಂಗಳವಾರ ಬಲಗೈ ಬಿದ್ದುಹೋದ ಕವಾಯತು: ದಿನವಿಡೀ ಎಡಗೈಯಲ್ಲೇ ಎಲ್ಲ ಕೆಲಸ. ಆ ದಿನ ನಾನು ತಿಂದದ್ದಕ್ಕಿಂತ ಅಂಗಿ ತಿಂದದ್ದು ಹೆಚ್ಚು. ಬುಧವಾರ ಮರೆವು. ಅದಕ್ಕಾಗಿ ಮನೆಯ ಸಕಲ ವಸ್ತುಗಳಿಗೂ ಚೀಟಿ ಅಂಟಿಸಿದೆ: ಇದು ಉಪ್ಪು, ಇದು ಕಿಟಕಿ, ಈ ಬಾಗಿಲು ಬೀದಿಗೆ ಹೋಗುತ್ತದೆ. ಗುರುವಾರದ್ದು ಅಭಿಯಾನದ ಮುಕುಟಮಣಿ, ಪತನ ಕವಾಯತು. ನಾನು ಎಲ್ಲಾದರೊಂದು ಕಡೆ ಸದ್ದು ಮಾಡಿ ನೆಲದ ಮೇಲೆ ಮಲಗಿ, ಸಹಾಯ ಎಂದು ಕೂಗುವುದು. ಹೆಂಡತಿ ಎಷ್ಟು ಬೇಗ ಬಂದು ಏನೇನು ಮಾಡುತ್ತಾಳೆ ಎಂದು ಸ್ಟಾಪ್‌ವಾಚಿನಲ್ಲಿ ನೋಡುವುದು. ಮೊದಲ ಗುರುವಾರ ಓಡಿ ಬಂದಳು. ಎರಡನೆಯ ಗುರುವಾರ ನಡೆದು ಬಂದಳು. ಆಮೇಲೆ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನನ್ನನ್ನು ದಾಟಿಕೊಂಡು ಮಹಡಿಗೆ ಹೋದಳು.

ಸಂಜೆ ಇದನ್ನು ಆಕ್ಷೇಪಿಸಿದೆ. ನಿಜವಾಗಿ ಬಿದ್ದಿದ್ದರೆ ಏನು ಗತಿ ಎಂದೆ.

"ನಿಜವಾಗಿ ಬಿದ್ದವರು ಹೊಟ್ಟೆ ಮೇಲೆ ಗಡಿಯಾರ ಇಟ್ಕೊಂಡು ಬೀಳಲ್ಲ ಕಣ್ರೀ" ಎಂದಳು. "ಮುಪ್ಪು ತಾನಾಗೇ ಬರುತ್ತೆ, ಅದಕ್ಕೆ ನಮ್ಮನೆ ವಿಳಾಸ ಗೊತ್ತು. ನೀವ್ಯಾಕೆ ಬಸ್ ಸ್ಟ್ಯಾಂಡಿಗೆ ಹೋಗಿ ಅದರ ಸಾಮಾನು ಹೊತ್ಕೊಂಡು ಬರ್ತೀರಿ?"

ನಿನ್ನದು ಬೇಜವಾಬ್ದಾರಿ ಮನೋಭಾವ ಎಂದು ನಾನು ಅವಳಿಗೆ ಆ ಲೇಖನ ಓದಿ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಗುಂಡಿ ಹೊಲಿದಳು.

ಅವಳ ವಿಷಯ ಹೇಳಬೇಕು. ತಂದೆಯ ಅಂಗಡಿಯನ್ನು ತಾನೇ ವಹಿಸಿಕೊಂಡು, ಮೊನ್ನೆ ಮೊನ್ನೆಯವರೆಗೆ ಹೊಲಿದು, ಐವತ್ತೆಂಟಕ್ಕೆ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಳು. ಯಂತ್ರದ ಮುಂದೆ ಬಗ್ಗಿ ಕೂತೂ ಕೂತೂ ಬೆನ್ನು ಬಾಗಿತ್ತು. ಬೆನ್ನಿಗೆ ಈಜು ಒಳ್ಳೆಯದೆಂದು ಯಾರೋ ಹೇಳಿದ್ದೇ ತಡ, ತಾನೇ ಅಳತೆ ತೆಗೆದು, ತಾನೇ ಈಜುಡುಗೆ ಹೊಲಿದುಕೊಂಡು, ಊರಿನ ಸಾರ್ವಜನಿಕ ಈಜುಕೊಳದ ಬೆಳಗಿನ ತಂಡಕ್ಕೆ ಸೇರಿದಳು. ಅದು ಐವತ್ತು ದಾಟಿದವರ ತಂಡ. ಮೊದಲ ದಿನ ಬಂದವಳೇ, ನೀರಿನೊಳಗೆ ನನ್ನ ಬೆನ್ನು ನನ್ನದಲ್ಲವೇನೋ ಅನ್ನೋ ಹಾಗೆ ನೆಟ್ಟಗಾಯಿತು ಎಂದಳು. ಆದರೆ ಹೊಸಬರಿಗೆ ಆಳವಿಲ್ಲದ ಕಡೆ ಮಾತ್ರ ಪ್ರವೇಶ. ಅಲ್ಲಿ ಜನ ಹೆಚ್ಚು, ಕೈಕಾಲು ಪೂರ್ತಿ ಚಾಚಿದರೆ ಇನ್ನೊಬ್ಬರ ಮೂಗಿಗೆ ತಗಲುತ್ತದೆ. ಕೊಳದ ಆಚೆಯ ಅರ್ಧ ಭಾಗ ಆಳ. ಅಲ್ಲಿ ಜಾಗವುಂಟು, ನಿಶ್ಶಬ್ದವುಂಟು. ಅಲ್ಲಿ ಹೋಗಬೇಕಾದರೆ ಒಂದು ಪರೀಕ್ಷೆ ಪಾಸಾಗಿ ತೋಳಿಗೆ ನೀಲಿ ಪಟ್ಟಿ ಕಟ್ಟಿಸಿಕೊಳ್ಳಬೇಕು. ಒಂದು ವರ್ಷದಿಂದ ಅವಳಿಗೆ ಆ ನೀಲಿ ಪಟ್ಟಿಯದೇ ಧ್ಯಾನ. ಒಂದು ಭಾನುವಾರಕ್ಕೆ ಪರೀಕ್ಷೆ ನಿಗದಿಯಾಗಿತ್ತು. ಅದಾದ ಮೇಲೆ ಎರಡೇ ತಿಂಗಳಿಗೆ ದೊಡ್ಡ ದುರಸ್ತಿಗಾಗಿ ಕೊಳ ಮುಚ್ಚುತ್ತಾರೆ, ಮತ್ತೆ ಯಾವಾಗ ತೆರೆಯುತ್ತಾರೋ ಎಂದೂ ಸುದ್ದಿಯಿತ್ತು.

ಆ ಪರೀಕ್ಷೆಯಲ್ಲಿ ಏನಿರುತ್ತದೆ ಎಂದು ನಾನು ಕೇಳಲಿಲ್ಲ. ನನಗೆ ಆಗ ಮೆಟ್ಟಿಲ ಕಂಬಿಯ ಚಿಂತೆ.

ಮನೆಯೊಳಗೆ ಮಹಡಿಗೆ ಹೋಗುವ ಮೆಟ್ಟಿಲಿಗೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಗೋಡೆಗೆ ಹಿಡಿದುಕೊಳ್ಳಲು ಕಂಬಿ ಹಾಕಬೇಕೆಂದು ನಿರ್ಧರಿಸಿ ನಾನೇ ಹಾಕಿದೆ. ಕಾರ್ಖಾನೆಯಲ್ಲಿ ಎಷ್ಟೋ ಕಂಬಿಗಳನ್ನು ಪರೀಕ್ಷಿಸಿ ಸಹಿ ಹಾಕಿದವನಿಗೆ ಇದೇನು ಮಹಾ ಎಂಬ ಭಾವನೆ. ಸ್ವಂತ ಕೈಯಿಂದ ಗೋಡೆಗೆ ಸ್ಕ್ರೂ ಹಾಕಿದ್ದು ಅದೇ ಮೊದಲು ಎಂಬುದು ನನಗೆ ಹೊಳೆಯಲೇ ಇಲ್ಲ. ಸ್ಕ್ರೂ ಗಾರೆಯಲ್ಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ನನ್ನ ಕೈಗುಣ ಎಂದುಕೊಂಡೆ. ಪಕ್ಕದಲ್ಲಿ 'ಪರೀಕ್ಷಿಸಲಾಗಿದೆ' ಎಂಬ ಚೀಟಿ ಅಂಟಿಸಿದೆ.

ಆಮೇಲೆ ಶುರುವಾಯಿತು ನನ್ನ ಉಪದೇಶ. ಅವಳು ಹತ್ತಿದರೆ, ಕಂಬಿ ಹಿಡಿದುಕೋ. ಇಳಿದರೆ, ಕಂಬಿ ಹಿಡಿದುಕೋ. ಮದುವೆಯಾದಂದಿನಿಂದ ಆ ಮೆಟ್ಟಿಲನ್ನು ಎರಡೂ ಕೈಯಲ್ಲಿ ಬುಟ್ಟಿ ಹಿಡಿದು ಗುಬ್ಬಿಯ ಹಾಗೆ ಹತ್ತಿಳಿದವಳು. ಅವಳಿಗೆ ರೇಗಿ ಹೋಯಿತು. ಆದರೂ ನಾನು ಬಿಡಲಿಲ್ಲ.

ಅದು ಗುರುವಾರ. ನಾನು ಊಟದ ಮೇಜಿನ ಹತ್ತಿರ ಕೂತು ಆ ದಿನ ಎಲ್ಲಿ ಬೀಳಬೇಕೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಧಡಧಡ ಸದ್ದು. ಹೋಗಿ ನೋಡಿದರೆ ಹೆಂಡತಿ ಕೊನೆಯ ಮೆಟ್ಟಿಲ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದಾಳೆ. ಒಂದು ಕೈ ಮೈಯಡಿ ಸಿಕ್ಕಿದೆ. "ರೀ, ಬನ್ರೀ ಇಲ್ಲಿ" ಎಂದಳು.

ಓದುಗರೇ, ಇಲ್ಲಿಂದ ಮುಂದಿನದನ್ನು ನಾನು ತಲೆ ತಗ್ಗಿಸಿಕೊಂಡೇ ಬರೆಯುತ್ತಿದ್ದೇನೆ.

ನನಗೆ ಆನಂದಬಾಷ್ಪ ಬರುವುದೊಂದು ಬಾಕಿ. ಇಷ್ಟು ದಿನ ದಾಟಿಕೊಂಡು ಹೋದವಳು ಕೊನೆಗೂ ತಾನಾಗಿ ಅಭಿಯಾನಕ್ಕೆ ಸೇರಿದಳಲ್ಲ. ಅವಳನ್ನು ನಿರುತ್ಸಾಹಗೊಳಿಸಬಾರದೆಂದು ಜೇಬಿನಿಂದ ಸ್ಟಾಪ್‌ವಾಚ್ ತೆಗೆದು ಒತ್ತಿದೆ. ಬಹಳ ಸಹಜವಾಗಿದೆ, ಆ ಕೈ ಮಡಚಿರುವುದಂತೂ ನನಗೇ ಹೊಳೆದಿರಲಿಲ್ಲ ಎಂದೆ. ಆದರೆ ಮೊದಲು ಸಹಾಯ ಎಂದು ಸ್ಪಷ್ಟವಾಗಿ ಕೂಗಬೇಕು, ಬಿದ್ದ ಜಾಗ ಹೇಳಬೇಕು, ಬನ್ರೀ ಅಂದರೆ ಕಾಫಿಗೆ ಕರೆದ ಹಾಗಾಗುತ್ತದೆ ಎಂದು ತಿದ್ದಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಮೆಲ್ಲನೆ ಇನ್ನೊಂದು ಕೈ ಎತ್ತಿದಳು. ಅದರಲ್ಲಿ ಕಂಬಿಯಿತ್ತು. ಇಡೀ ಕಂಬಿ, ಎರಡೂ ತುದಿಯ ಸ್ಕ್ರೂಗಳ ಸಮೇತ. ಒಂದು ತುದಿಗೆ 'ಪರೀಕ್ಷಿಸಲಾಗಿದೆ' ಅಂಟಿಕೊಂಡಿತ್ತು.

"ನೀವು ಹೇಳಿ ಹೇಳಿ ಸಾಕು ಮಾಡಿದ್ರಲ್ಲ ಅಂತ ಇವತ್ತೊಂದು ದಿನ ಹಿಡ್ಕೊಂಡೆ" ಎಂದಳು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ನಾನು ಮಾತಾಡಿದ್ದು ನೆನಪಿಲ್ಲ. ಆಟೋದವನ ಹತ್ತಿರ ನಿಧಾನ ನಿಧಾನ ಎಂದೂ ಬೇಗ ಬೇಗ ಎಂದೂ ಒಟ್ಟಿಗೆ ಹೇಳಿದೆನಂತೆ. ಡಾಕ್ಟರು ಕೈ ಮುಟ್ಟಿ ನೋಡಿ, ಮಣಿಕಟ್ಟಿನ ಮೂಳೆ ಮುರಿದಿದೆ ಎಂದರು. ಬಿದ್ದು ಎಷ್ಟು ಹೊತ್ತಾಯಿತು ಎಂದು ಅವಳನ್ನು ಕೇಳಿದರು.

"ಅವರನ್ನೇ ಕೇಳಿ ಡಾಕ್ಟ್ರೇ" ಎಂದಳು. "ಗಡಿಯಾರ ಹಿಡ್ಕೊಂಡು ನಿಂತಿದ್ರು."

ಡಾಕ್ಟರು ನನ್ನ ಕಡೆ ತಿರುಗಿದರು. ಸ್ಟಾಪ್‌ವಾಚ್ ಇನ್ನೂ ನನ್ನ ಕೈಯಲ್ಲೇ ಇತ್ತು, ಓಡುತ್ತಲೇ ಇತ್ತು. ಆ ಕೋಣೆಯ ನೆಲ ಬಾಯಿ ಬಿಟ್ಟಿದ್ದರೆ ನಾನು ಯಾವ ಕಂಬಿಯನ್ನೂ ಹಿಡಿಯದೆ ಇಳಿದು ಹೋಗುತ್ತಿದ್ದೆ.

ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದವಳು ಮರುದಿನವೇ ಅದರ ಜೊತೆ ರಾಜಿಯಾದಳು. ಬಲಗೈಗೆ ರಜೆ ಮಂಜೂರಾಗಿದೆ, ಇಷ್ಟು ವರ್ಷ ಸುಮ್ಮನೆ ಜೊತೆಗೆ ಓಡಾಡಿಕೊಂಡಿದ್ದ ಎಡಗೈ ಈಗ ದುಡಿಯಲಿ ಎಂದಳು. ದುಡಿಸಿದಳು ಕೂಡ. ನಾನು ಅಷ್ಟೊಂದು ಮಂಗಳವಾರಗಳನ್ನು ಬಲಿಕೊಟ್ಟರೂ ಕಲಿಯದ ಎಡಗೈ ಊಟವನ್ನು ಅವಳು ಒಂದು ಹಗಲಿನಲ್ಲಿ, ಚೆಲ್ಲಿದ್ದಕ್ಕೆಲ್ಲ ತಾನೇ ನಕ್ಕುಕೊಂಡು, ಕಲಿತುಬಿಟ್ಟಳು. ಪ್ಲಾಸ್ಟರಿನಿಂದ ಬಾಗಿಲು ತಟ್ಟುವುದು, ಗಾಳಿಗೆ ಹಾರುವ ಬಟ್ಟೆಯನ್ನು ಅದುಮಿ ಹಿಡಿಯುವುದು, ಮಾತಿನ ಮಧ್ಯೆ ನನ್ನ ಭುಜಕ್ಕೊಂದು ಕೊಡುವುದು, ಹೀಗೆ ಅದಕ್ಕೆ ಬೇಕಾದಷ್ಟು ಕೆಲಸ ಹುಡುಕಿದಳು.

ಕುಸಿದದ್ದು ನಾನು. ಮನೆಯ ಚೀಟಿಗಳನ್ನೆಲ್ಲ ಕಿತ್ತೆ. ಕುರ್ಚಿಯಲ್ಲಿ ಕೂತೆ. ಊಟ ಬೇಡವಾಯಿತು. ಕನ್ನಡಿಯಲ್ಲಿ ನೋಡಿಕೊಂಡರೆ, ಯಾವ ಮುಖ ಬರಬಾರದೆಂದು ಇಷ್ಟೆಲ್ಲ ಮಾಡಿದ್ದೆನೋ ಅದೇ ಮುಖ, ಮೀಸೆಯೂ ಇಲ್ಲದೆ, ನನ್ನನ್ನು ನೋಡುತ್ತಿತ್ತು. ಬೇರೆ ಊರಿನಲ್ಲಿ ಟೀಚರಾಗಿರುವ ಮಗಳು ಸುದ್ದಿ ಕೇಳಿ ಓಡಿ ಬಂದಳು. ಒಳಗೆ ಬಂದು ಒಮ್ಮೆ ನನ್ನನ್ನು ನೋಡಿ, ಒಮ್ಮೆ ತಾಯಿಯನ್ನು ನೋಡಿ, ಬಿದ್ದದ್ದು ನಿಮ್ಮಿಬ್ಬರಲ್ಲಿ ಯಾರು ಎಂದು ಕೇಳಿದಳು.

ಪರೀಕ್ಷೆಯ ಭಾನುವಾರ ಬಂತು, ಹೋಯಿತು. ಆ ದಿನ ಹೆಂಡತಿ ಎಂದಿಗಿಂತ ಹೆಚ್ಚಾಗಿ ಹಾಸ್ಯ ಮಾಡುತ್ತಿದ್ದುದರಿಂದ ಅವಳಿಗೆ ಪರೀಕ್ಷೆಯ ವಿಷಯ ಮರೆತೇ ಹೋಗಿದೆ ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ. ಸಂಜೆ ಮಗಳು ನನ್ನನ್ನು ಹಿತ್ತಿಲಿಗೆ ಕರೆದಳು.

"ಅಪ್ಪ, ಅಮ್ಮ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕೈ ನೋವಿಗಲ್ಲ. ನಿಮಗೆ ಕೇಳಿಸಬಾರದು ಅಂತ ನಲ್ಲಿ ಬಿಟ್ಟಿದ್ದು."

ನಾನು ಬಾಯಿ ತೆರೆದೆ. ಮಗಳು, ಈಗ ಹೋಗಿ ಕ್ಷಮೆ ಕೇಳಿ ಅಮ್ಮನ ತಲೆ ತಿನ್ನಬೇಡಿ, ಅವಳು ಮತ್ತೆ ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ ಎಂದಳು. ನನ್ನ ಮಗಳು ತಾಯಿಯ ಹಾಗೆ. ಹೇಳುವುದನ್ನು ಒಂದೇ ಸಲ ಹೇಳುತ್ತಾಳೆ.

ಪ್ಲಾಸ್ಟರ್ ಇರುವಾಗಲೂ ಹೆಂಡತಿ ಈಜುಕೊಳಕ್ಕೆ ಹೋಗುವುದನ್ನು ಬಿಡಲಿಲ್ಲ. ಅಂಚಿನಲ್ಲಿ ಕೂತು ಕಾಲು ನೀರಿಗೆ ಇಳಿಬಿಟ್ಟು ಒದೆಯುವುದನ್ನು ಅಭ್ಯಾಸ ಮಾಡುತ್ತಿದ್ದಳು. ಚೀಲ ಹೊತ್ತು ಗೇಟಿನವರೆಗೆ ಬಿಡುವ ಕೆಲಸ ನನ್ನದು. ಒಳಗೆ ಬರುವುದು ಬೇಡ ಎಂದಳು. ಯಾಕೆ ಎಂದು ಕೇಳುವ ಮುಖ ನನಗಿರಲಿಲ್ಲ. ಗೇಟಿನ ಹೊರಗಿನ ಬೆಂಚಿನ ಮೇಲೆ ಅವಳ ಚಪ್ಪಲಿ ಕಾಯುತ್ತ ಕೂರುತ್ತಿದ್ದೆ. ತಂಡದವರು ಒಳಗೆ ಹೋಗುವಾಗ ನನ್ನನ್ನು ನೋಡಿ ಮುಗುಳ್ನಗುತ್ತಿದ್ದರು. ಅಂಚೆ ಕಚೇರಿಯಿಂದ ನಿವೃತ್ತರಾದ, ಎಲ್ಲರೂ ಅಂಚೆಯಕ್ಕ ಎಂದು ಕರೆಯುವ ಒಬ್ಬ ಗಟ್ಟಿ ಹೆಂಗಸು ಮಾತ್ರ ನಿಂತು, ಟೈಮೆಷ್ಟು ಎಂದು ದಿನಾ ಕೇಳುತ್ತಿದ್ದರು. ಅವರ ಕೈಯಲ್ಲೇ ವಾಚಿರುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದಾಗ ಕೈ ಸೊರಗಿ ಕೋಲಾಗಿತ್ತು. ಕೊಳ ಮುಚ್ಚುವುದಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಅವಳು ಹಿಟ್ಟು ನಾದಿ ನಾದಿ, ಬಟ್ಟೆ ಹಿಂಡಿ ಹಿಂಡಿ ಆ ಕೈಗೆ ಜೀವ ತುಂಬಿದಳು. ಕೋಚ್ ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ಕೊಳದ ಕೊನೆಯ ದಿನ ಇವಳೊಬ್ಬಳಿಗಾಗಿ ಪರೀಕ್ಷೆ ಇಡಲು ಒಪ್ಪಿದಳು. ಹಿಂದಿನ ದಿನ ಹೆಂಡತಿ ನನ್ನ ಮುಂದೆ ಬಂದು ನಿಂತು, ನಾಳೆ ಒಳಗೆ ಬನ್ನಿ ಎಂದಳು. ಷರತ್ತು ಇತ್ತು. ಗಡಿಯಾರ ತರಬಾರದು. ಬಾಯಿ ಬಿಡಬಾರದು. ನಾನು ಎರಡಕ್ಕೂ ತಲೆಯಾಡಿಸಿದೆ. ಮೂರನೆಯ ಷರತ್ತೊಂದನ್ನು ಹಾಕಬೇಕಿತ್ತು ಎಂದು ಅವಳಿಗೆ ಆಮೇಲೆ ಹೊಳೆಯಿತು.

ಅಂಚಿನ ಬೆಂಚಿನ ಮೇಲೆ, ಅಂಚೆಯಕ್ಕನ ಪಕ್ಕ, ಕೈ ಎರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕೋಚ್ ಸೀಟಿ ಊದಿದಳು. ಹೆಂಡತಿ ನೀರಿಗಿಳಿದು ಹೊರಟಳು. ಅವಳು ಈಜುವುದನ್ನು ನಾನು ನೋಡಿದ್ದು ಅದೇ ಮೊದಲು. ಆ ಬಾಗಿದ ಬೆನ್ನು ನೀರಿನಲ್ಲಿ ಸ್ಕೇಲಿನಿಂದ ಗೆರೆ ಎಳೆದ ಹಾಗೆ ಹೋಗುತ್ತಿತ್ತು. ಆಳದ ಭಾಗದ ಹಗ್ಗ ದಾಟಿದಳು. ಸರಿಯಾಗಿ ನಡುವಿಗೆ ಹೋದ ಮೇಲೆ ಈಜುವುದನ್ನು ನಿಲ್ಲಿಸಿದಳು. ಅಂಗಾತ ತಿರುಗಿದಳು. ಕೈಗಳನ್ನು ಬಿಟ್ಟಳು. ಕಣ್ಣು ಮುಚ್ಚಿದಳು. ಅಲುಗಾಡಲಿಲ್ಲ.

ನಾನು ಕೋಚ್ ಕಡೆ ನೋಡಿದೆ. ಅವಳು ಅಂಚಿನಲ್ಲಿ ನಿಂತು, ಮುಖದಲ್ಲಿ ಮೆಚ್ಚುಗೆ ತುಂಬಿಕೊಂಡು, ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡುತ್ತಿದ್ದಳು.

ಹೆಂಗಸೊಬ್ಬಳು ಕದಲದೆ ಬಿದ್ದಿರುವಾಗ ಗಡಿಯಾರ ನೋಡುತ್ತ ಮೆಚ್ಚಿಕೊಳ್ಳುವ ಪ್ರಾಣಿ ಎಂತಹ ಮೂರ್ಖ ಪ್ರಾಣಿಯೆಂದು ಈ ಲೋಕದಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಮತ್ತೊಮ್ಮೆ ಹಾಗೆ ನಿಲ್ಲುವುದು ನನ್ನಿಂದ ಸಾಧ್ಯವಿರಲಿಲ್ಲ. ನಾನು ಎದ್ದು ಓಡಿ, ಅಂಗಿ ಪ್ಯಾಂಟು ಕನ್ನಡಕ ಸಮೇತ ಹಾರಿದೆ.

ನನಗೆ ಈಜು ಬರುವುದಿಲ್ಲ ಎಂಬುದು ಗಾಳಿಯಲ್ಲಿರುವಾಗ ನೆನಪಾಯಿತು. ಹಳ್ಳಿಯ ಹುಡುಗರೆಲ್ಲ ಕೆರೆಯಲ್ಲಿ ಬಿದ್ದಿರುವಾಗ ನಾನು ದಡದಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದೆ. ಆ ಓದಿನಲ್ಲಿ ಇದಕ್ಕೆ ಉಪಯೋಗವಾಗುವಂಥದ್ದು ಏನೂ ಇರಲಿಲ್ಲ. ನೀರು ಮೂಗಿನಲ್ಲಿ ಹೋಯಿತು, ಬಾಯಲ್ಲಿ ಹೋಯಿತು, ನನಗೆ ಗೊತ್ತಿಲ್ಲದ ದಾರಿಗಳಲ್ಲೆಲ್ಲ ಹೋಯಿತು. ಸಹಾಯ ಎಂದು ಸ್ಪಷ್ಟವಾಗಿ ಕೂಗಬೇಕು, ಬಿದ್ದ ಜಾಗ ಹೇಳಬೇಕು ಎಂಬ ನಿಯಮವನ್ನು ಪಾಲಿಸಲು ಪ್ರಯತ್ನಪಟ್ಟೆ. ಬ್ಲಬ್ ಎಂದಷ್ಟೇ ಬಂತು. ಆಗ ಯಾರೋ ಹಿಂದಿನಿಂದ ಕಾಲರ್ ಹಿಡಿದರು. ಕಿವಿಯ ಹತ್ತಿರ, ರಾತ್ರಿ ಗೊರಕೆ ಹೊಡೆದರೆ ಎಬ್ಬಿಸುತ್ತಾಳಲ್ಲ, ಅದೇ ಸಾವಧಾನದ ದನಿ.

"ಒದ್ದಾಡಬೇಡಿ. ಹಾಸಿಗೆ ಮೇಲೆ ಮಲಗೋ ಹಾಗೆ ಮಲಗಿ. ನಾನು ಹಿಡ್ಕೊಂಡಿದ್ದೀನಿ."

ಮಲಗಿದೆ. ಮೇಲೆ ಆಕಾಶ ಕಂಡಿತು. ಅವಳು ಒಂದು ಕೈಯಲ್ಲಿ ನನ್ನ ಕಾಲರ್ ಹಿಡಿದು, ಮುರಿದು ಕೂಡಿಕೊಂಡ ಇನ್ನೊಂದು ಕೈಯಲ್ಲಿ ನೀರು ತಳ್ಳುತ್ತ, ಒಗೆಯಲು ತಂದ ಕಂಬಳಿ ಎಳೆಯುವ ಹಾಗೆ ನನ್ನನ್ನು ಅಂಚಿಗೆ ಎಳೆದು ತಂದಳು. ಕೋಚ್, ಅಂಚೆಯಕ್ಕ ಇಬ್ಬರೂ ಸೇರಿ ಮೇಲೆತ್ತಿದರು.

ನಾನು ಕೆಮ್ಮಿ ಮುಗಿಸಿದ ಮೇಲೆ ಕೋಚ್ ತಿಳಿಸಿ ಹೇಳಿದಳು. ನೀಲಿ ಪಟ್ಟಿಯ ಪರೀಕ್ಷೆಯೆಂದರೆ ಇದೇ. ನಡುನೀರಿಗೆ ಹೋಗಿ, ಏನನ್ನೂ ಹಿಡಿಯದೆ, ಕೈಕಾಲು ಆಡಿಸದೆ, ಹೇಳಿದಷ್ಟು ಹೊತ್ತು ಅಂಗಾತ ತೇಲಿ ವಾಪಸು ಬರಬೇಕು. ಆಯಾಸವಾದಾಗ ಗಾಬರಿಪಟ್ಟು ನೀರಿನ ಜೊತೆ ಗುದ್ದಾಡುವವರು ಮುಳುಗುತ್ತಾರೆ, ಮಲಗಿ ಸುಧಾರಿಸಿಕೊಳ್ಳುವವರು ಮುಳುಗುವುದಿಲ್ಲ. ಅದನ್ನು ಬಲ್ಲವರನ್ನೇ ಆಳಕ್ಕೆ ಬಿಡುವುದು. ಆಂಟಿಗೆ ಇನ್ನು ಕೆಲವೇ ಕ್ಷಣ ಬಾಕಿ ಇತ್ತು ಅಂಕಲ್ ಎಂದಳು. ಆಮೇಲೆ ಬಹಳ ಸಂಕೋಚದಿಂದ, ತೇಲುವುದು ನಡುವೆ ನಿಂತರೆ ಅದು ಲೆಕ್ಕಕ್ಕಿಲ್ಲ, ಮೊದಲಿನಿಂದ ಮಾಡಬೇಕು, ಕೊಳ ಮುಚ್ಚುವ ಹೊತ್ತಾಗುತ್ತಿದೆ, ಆಂಟಿಗೆ ಕೈ ನೋಯುತ್ತಿದ್ದರೆ ಕೊಳ ಮತ್ತೆ ತೆರೆದಾಗ ನೋಡೋಣ ಎಂದಳು.

ಹೆಂಡತಿ ಅಂಚಿನ ಮೇಲೆ ಕೂತಿದ್ದಳು. ಬಲ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದಿದ್ದಳು. ಒಮ್ಮೆ ನನ್ನ ಕಂಬಿ ಅವಳನ್ನು ಕೆಡವಿತು, ಈಗ ಸ್ವತಃ ನಾನೇ. ಅವಳ ಮುಖ ನೋಡಲಾರದೆ ನಾನು ಎದ್ದೆ. ಹೊರಗೆ ಹೋಗಿ ಚಪ್ಪಲಿ ಕಾಯುತ್ತ ಕೂರುತ್ತೇನೆ ಎಂದೆ.

"ಎಲ್ಲಿಗೂ ಹೋಗಬೇಡಿ, ಕೂತ್ಕೊಳ್ಳಿ" ಎಂದಳು. "ಹೇಗಿದ್ರೂ ಪೂರ್ತಿ ಒದ್ದೆಯಾಗಿದ್ದೀರಿ. ಇನ್ನೊಂದ್ಸಲ ಹಾರಿದ್ರೆ ಒಗೆಯೋ ಕೆಲಸವೇನೂ ಹೆಚ್ಚಾಗಲ್ಲ." ಆಮೇಲೆ ಅಂಚೆಯಕ್ಕನ ಕಡೆ ತಿರುಗಿ, "ಇವರನ್ನ ಸ್ವಲ್ಪ ಹಿಡ್ಕೊಂಡಿರಿ ಅಕ್ಕ" ಎಂದಳು.

ಅಂಚೆಯಕ್ಕ ನನ್ನ ಬೆಲ್ಟಿನೊಳಗೆ ಕೈ ಹಾಕಿ ಪಾರ್ಸೆಲ್ ಹಿಡಿದ ಹಾಗೆ ಹಿಡಿದರು. ಹೆಂಡತಿ ಮತ್ತೆ ನೀರಿಗಿಳಿದಳು. ಈ ಸಲ ಬೆನ್ನು ಅಷ್ಟು ನೆಟ್ಟಗಿರಲಿಲ್ಲ. ಹೋಗುವಾಗ ಹಗ್ಗದ ಹತ್ತಿರ ಒಮ್ಮೆ ತಡೆದು ಉಸಿರು ತೆಗೆದುಕೊಂಡಳು. ನಡುವಿಗೆ ಹೋಗಿ ಅಂಗಾತ ತಿರುಗಿದಳು. ಮಣಿಕಟ್ಟು ನೋಯುತ್ತಿರಬೇಕು, ಮುಖ ಕಿವುಚಿಕೊಂಡಿತು. ಆಮೇಲೆ ನಿಧಾನವಾಗಿ ಹಣೆ ಸಡಿಲವಾಯಿತು, ಭುಜ ಸಡಿಲವಾಯಿತು, ಕೈ ತಾನಾಗಿ ಅಗಲವಾಯಿತು. ನೀರು ಅವಳನ್ನು ಹೊತ್ತುಕೊಂಡಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಏನೂ ಮಾಡದೆ ಸುಮ್ಮನೆ ನೋಡುತ್ತಿರುವುದು ಇಷ್ಟು ಕಷ್ಟದ ಕೆಲಸವೆಂದು ನನಗೆ ಯಾವ ಕವಾಯತೂ ಹೇಳಿಕೊಟ್ಟಿರಲಿಲ್ಲ.

ಸೀಟಿ ಕೇಳಿಸಿತು. ಅವಳು ತಿರುಗಿ ಈಜಿಕೊಂಡು ಬಂದಳು. ಕೋಚ್ ಅವಳ ತೋಳಿಗೆ ನೀಲಿ ಪಟ್ಟಿ ಕಟ್ಟಿದಳು. ಅಂಚೆಯಕ್ಕ ನನ್ನ ಬೆಲ್ಟು ಬಿಟ್ಟು ಚಪ್ಪಾಳೆ ತಟ್ಟಿದರು. ಕೋಚ್ ಆಮೇಲೆ ನನ್ನ ಹತ್ತಿರ ಬಂದು, ಅಂಕಲ್, ಈಜು ಬಾರದವರನ್ನು ಇನ್ನು ಮುಂದೆ ಅಂಚಿನ ಬೆಂಚಿಗೆ ಬಿಡುವುದಿಲ್ಲ, ನಿಮ್ಮಿಂದಾಗಿ ಇವತ್ತಿನಿಂದ ಹೊಸ ನಿಯಮ ಎಂದಳು. ಸುರಕ್ಷತಾ ದೃಷ್ಟಿಯಿಂದ ಒಳ್ಳೆಯ ನಿಯಮ ಎಂದು ನಾನು ಒಪ್ಪಿಕೊಳ್ಳಬೇಕಾಯಿತು.

ದುರಸ್ತಿ ಮುಗಿದು ಕೊಳ ಮತ್ತೆ ತೆರೆದಿದೆ. ನನ್ನ ಹೆಂಡತಿ ಈಗ ದಿನಾ ಬೆಳಿಗ್ಗೆ ಆಳದ ಕಡೆ ಈಜುತ್ತಾಳೆ. ಅದು ಮುಗಿದ ಮೇಲೆ ಆಳವಿಲ್ಲದ ಕಡೆಗೆ ಬಂದು, ಹೊಸದಾಗಿ ಸೇರಿದವರಿಗೆ ನೀರಿನ ಮೇಲೆ ಅಂಗಾತ ಮಲಗುವುದನ್ನು ಕಲಿಸುತ್ತಾಳೆ. ಹೊಸಬರು ಬೇಗ ಬೇಗ ಕಲಿತು ಮುಂದೆ ಹೋಗುತ್ತಾರೆ. ನನಗೆ ಇನ್ನೂ ಕಲಿಸುತ್ತಿದ್ದಾಳೆ.